ಹತ್ತೇ ನಿಮಿಷದಲ್ಲಿ ಕ್ಯಾಮೆರಾ

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ಹತ್ತೇ ನಿಮಿಷದಲ್ಲಿ ನೀವೇ ಜೋಡಿಸಿಕೊಳ್ಳಿ.’ ಅದನ್ನು ಓದಿ ನನಗೆ ಸ್ವಲ್ಪ ಅವಮಾನವೇ ಆಯಿತು. ಹತ್ತು ನಿಮಿಷ ಸಾಮಾನ್ಯ ಜನರಿಗೆ! ನಾನು ಹತ್ತೊಂಬತ್ತು ವರ್ಷಗಳಿಂದ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಿರುವ ಮನುಷ್ಯ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅದು ಯಾರಿಂದ ಆಯಿತೆಂದು ಹೆಸರು ಸಮೇತ ವರದಿ ಬರೆದು ಕಳಿಸುವುದು ನನ್ನ ಉದ್ಯೋಗ. ಅಂಥ ನನಗೆ ಒಂದು ನಿಂಬೆಹಣ್ಣಿನ ಗಾತ್ರದ ಕ್ಯಾಮೆರಾ ಯಾವ ಲೆಕ್ಕ?

“ಊಟದ ಹೊತ್ತಿಗೆ ಮುಗಿಯುತ್ತೇನ್ರೀ?” ಎಂದಳು ನನ್ನ ಹೆಂಡತಿ ವಿದ್ಯಾ.

“ಕಾಫಿ ಹೊತ್ತಿಗೇ ಮುಗಿಯುತ್ತೆ” ಎಂದೆ.

ಮುಗಿಯಿತು. ಏನೇನು ಮುಗಿಯಿತು ಎಂಬುದನ್ನು ಹೇಳಲಿಕ್ಕೆಂದೇ ಈಗ ಕುಳಿತಿದ್ದೇನೆ.

ವಿದ್ಯಾಳದು ಹೊಲಿಗೆ ಅಂಗಡಿ, ನಾವು ಬಂದು ನೆಲೆಸಿರುವ ಈ ಪರದೇಶದಲ್ಲಿ. ಕೆನ್ಮೋರ್‌ನಲ್ಲಿ ಸರೋವರದ ಕಡೆಗೆ ಇಳಿಯುವ ರಸ್ತೆಯಲ್ಲಿ ಒಂದೇ ಸೂರಿನ ಕೆಳಗೆ ಮೂರು ಅಂಗಡಿಗಳಿವೆ. ಎಡಗಡೆ ಮಿಸ್ಟರ್ ಕಿಮ್ ಅವರ ತೆರಿಯಾಕಿ, ಅಂದರೆ ಸುಟ್ಟ ಕೋಳಿ-ಅನ್ನದ ಊಟದಂಗಡಿ. ಬಲಗಡೆ ಡೇನಾ ಎಂಬಾಕೆ ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಕತ್ತರಿಸಿ, ಕುತ್ತಿಗೆಗೆ ರಿಬ್ಬನ್ ಕಟ್ಟಿ ಕಳಿಸುವ ಅಂಗಡಿ. ನಡುವೆ ನಮ್ಮದು. ಬೆಳಗ್ಗೆ ಎಡಗಡೆಯಿಂದ ಬೆಳ್ಳುಳ್ಳಿ ವಾಸನೆ, ಬಲಗಡೆಯಿಂದ ಒದ್ದೆ ನಾಯಿಯ ವಾಸನೆ ಬರುತ್ತದೆ. ಸುತ್ತಲಿನ ಕನ್ನಡದವರ, ತೆಲುಗಿನವರ ರವಿಕೆಗಳು, ಸೀರೆಯ ಫಾಲ್, ಜಿಗ್‌ಜಾಗ್, ಊರಿನ ಉಳಿದವರ ಪ್ಯಾಂಟು ಗಿಡ್ಡ ಮಾಡುವುದು, ಇಷ್ಟು ವ್ಯಾಪಾರ.

ಅಂಗಡಿಯ ನಿಜವಾದ ಕೈ ಕಲಕ್ಕನದು. ಕಲಾವತಿ ಎಂದು ಪೂರ್ತಿ ಹೆಸರು. ಗದಗಿನವರು, ಐವತ್ತೆಂಟು ವರ್ಷ. ಅಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ಕ್ಲಾಸು ನಡೆಸಿದವರು. ಗಂಡ ತೀರಿಕೊಂಡ ಮೇಲೆ ಇಲ್ಲೇ ಹತ್ತಿರದ ಶೋರ್‌ಲೈನ್‌ನಲ್ಲಿರುವ ಮಗಳ ಮನೆಗೆ ಬಂದರು. ನಾಲ್ಕು ವರ್ಷದ ಹಿಂದೆ ನಮ್ಮ ಅಂಗಡಿಗೆ ಬಂದದ್ದು ಗಿರಾಕಿಯಾಗಿ. ವಿದ್ಯಾ ಬಟ್ಟೆ ಕತ್ತರಿಸುವುದನ್ನು ಎರಡು ನಿಮಿಷ ನೋಡಿದರು. ಮೂರನೇ ನಿಮಿಷ ಅವರಿಂದ ತಡೆಯಲಾಗಲಿಲ್ಲ. “ತಂಗಿ, ಆ ಕತ್ತರಿ ಇಲ್ಲಿ ಕೊಡವಾ” ಎಂದರು. ಅವತ್ತಿನಿಂದ ಕತ್ತರಿ ಅವರ ಕೈಯಲ್ಲೇ ಇತ್ತು. ವಿದ್ಯಾಗೆ ಆಪರೇಷನ್ ಆದಾಗ ಎರಡು ತಿಂಗಳು ಒಬ್ಬರೇ ಅಂಗಡಿ ನಡೆಸಿದ್ದಲ್ಲದೆ, ದಿನಾ ಸಂಜೆ ಬಸ್ಸು ಹತ್ತಿ ಬಾಥೆಲ್‌ನ ನಮ್ಮ ಮನೆಗೆ ಬಂದು ಅವಳಿಗೆ ತಲೆ ಬಾಚಿ ಹೋಗುತ್ತಿದ್ದರು. ನಾನು ಬಾಚಿದರೆ ಅವಳು ಅಳುತ್ತಿದ್ದಳು. ನೋವಿಗೆ!

ಹೀಗಿರುವಾಗ ಒಂದು ಸೀರೆ ಕಳೆದುಹೋಯಿತು.

ಬಾಥೆಲ್‌ನ ನಿರ್ಮಲಾ ಎಂಬುವರು ಕೊಟ್ಟಿದ್ದ ಸೀರೆ. ಅವರ ತಾಯಿಯದು. ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ತಮ್ಮ ಮಗಳ ಸೀಮಂತಕ್ಕೆ ಅದನ್ನೇ ಉಡಬೇಕೆಂದು ಫಾಲ್ ಹಾಕಲು, ರವಿಕೆ ಹೊಲಿಯಲು ಕೊಟ್ಟಿದ್ದರು. ಎರಡೂ ಮುಗಿದು, ಬಟ್ಟೆಯ ಚೀಲದಲ್ಲಿ ಕೊಕ್ಕೆಗೆ ನೇತುಹಾಕಿತ್ತು. ಅವರು ಬಂದ ದಿನ ಕೊಕ್ಕೆ ಇತ್ತು, ಚೀಲ ಇರಲಿಲ್ಲ. ಅಂಗಡಿಯನ್ನು ತಲೆಕೆಳಗು ಮಾಡಿದರೂ ಸಿಗಲಿಲ್ಲ.

ನಿರ್ಮಲಾ ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಖಾಲಿ ಕೊಕ್ಕೆಯನ್ನು ಒಮ್ಮೆ ಮುಟ್ಟಿ, “ಅದನ್ನ ನಾನು ಒಗೆಸಿರ್ಲಿಲ್ಲ ವಿದ್ಯಾ. ಅಮ್ಮನ ವಾಸನೆ ಇನ್ನೂ ಇತ್ತು ಅದ್ರಲ್ಲಿ” ಎಂದು ಹೇಳಿ ಹೋದರು.

ವಿದ್ಯಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಲಕ್ಕ ಕಸದ ಚೀಲಗಳನ್ನೆಲ್ಲ ಮತ್ತೆ ಬಿಚ್ಚಿ, ಬಟ್ಟೆಯ ಚೂರುಗಳನ್ನು ಒಂದೊಂದೇ ಕೊಡವಿ ನೋಡಿದರು. ಮೂರನೇ ದಿನ ನಾನು ಕಾರ್ಯಾಚರಣೆಗೆ ಇಳಿದೆ. “ಅಂಗಡಿಗೆ ಒಂದು ಕ್ಯಾಮೆರಾ ಹಾಕೋಣ” ಎಂದು ಘೋಷಿಸಿದೆ.

“ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ! ಕ್ಯಾಮೆರಾ ಹಾಕಿದ್ರೆ ಹೋದ ಸೀರೆ ಬರುತ್ತಾ?” ಎಂದಳು ವಿದ್ಯಾ.

“ಹೋದದ್ದು ಬರಲ್ಲ. ಆದ್ರೆ ಮುಂದಿನದು ಹೋಗಲ್ಲ” ಎಂದೆ. ಈ ಮಾತು ಎಷ್ಟು ಚೆನ್ನಾಗಿದೆ ಎಂದು ನನಗೆ ನಾನೇ ತಲೆದೂಗಿದೆ. ಬೇರೆ ಯಾರೂ ತೂಗಲಿಲ್ಲ.

ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಏಣಿ ಹತ್ತಿದೆ. ಕ್ಯಾಮೆರಾವನ್ನು ಗೋಡೆಗೆ ಕೂರಿಸಲು ನಿಜಕ್ಕೂ ಮೂರೇ ನಿಮಿಷ ಸಾಕಾಯಿತು. ಇನ್ನು ಇಂಟರ್ನೆಟ್ಟಿಗೆ ಸೇರಿಸುವುದೊಂದೇ ಬಾಕಿ. ಫೋನಿನಲ್ಲಿ ಅಂಗಡಿಯ ವೈಫೈ ಹೆಸರು ಆರಿಸಿದೆ, ಪಾಸ್‌ವರ್ಡ್ ಕೊಟ್ಟೆ. ಕ್ಯಾಮೆರಾ ಒಂದು ಕೆಂಪು ದೀಪ ಮಿನುಗಿಸಿ, “ಸಂಪರ್ಕ ವಿಫಲ” ಎಂದು ಇಂಗ್ಲಿಷಿನಲ್ಲಿ ಒಬ್ಬ ಹೆಂಗಸಿನ ದನಿಯಲ್ಲಿ ಹೇಳಿತು. ಮತ್ತೆ ಕೊಟ್ಟೆ. ಮತ್ತೆ ವಿಫಲ. ಏಳನೇ ಸಲಕ್ಕೆ ಆ ಹೆಂಗಸಿನ ದನಿಯಲ್ಲಿ ನನಗೆ ಸ್ವಲ್ಪ ತಾತ್ಸಾರ ಕೇಳಿಸತೊಡಗಿತು.

ವಿಷಯ ಇಷ್ಟೇ. ವೈಫೈಯಲ್ಲಿ ನಿಧಾನದ್ದು, ವೇಗದ್ದು ಎಂದು ಎರಡು ಬಗೆ. ನನ್ನ ಕ್ಯಾಮೆರಾಕ್ಕೆ ಗೊತ್ತಿದ್ದದ್ದು ನಿಧಾನದ್ದು ಮಾತ್ರ. ಅಂಗಡಿಯಲ್ಲಿದ್ದದ್ದು ವೇಗದ್ದು. ಅದನ್ನು ಬದಲಿಸಬೇಕಾದರೆ ಇಂಟರ್ನೆಟ್ ಪೆಟ್ಟಿಗೆಯ ಒಳಗೆ ಹೋಗಬೇಕು. ಮನೆಯಲ್ಲಾದರೆ ಪೆಟ್ಟಿಗೆ ಟಿವಿಯ ಪಕ್ಕದಲ್ಲಿರುತ್ತದೆ. ಇದು ವ್ಯಾಪಾರದ ಇಂಟರ್ನೆಟ್. ಮೂರು ಅಂಗಡಿಗೂ ಒಂದೇ ಸಂಪರ್ಕ, ಒಂದೇ ಪೆಟ್ಟಿಗೆ. ಹಿಂದಿನ ಓಣಿಯಲ್ಲಿ, ಬಿಸಿನೀರಿನ ಟ್ಯಾಂಕಿನ ಪಕ್ಕದ ಕಪಾಟಿನಲ್ಲಿ ಅದು ಕುಳಿತಿತ್ತು. ಅದರ ಪಾಸ್‌ವರ್ಡ್ ಕಟ್ಟಡದ ಮಾಲೀಕರ ಬಳಿ. ಮಾಲೀಕರು ಫೋನ್ ಎತ್ತುತ್ತಿಲ್ಲ.

ಬುದ್ಧಿವಂತನಾದವನು ಅಲ್ಲಿಗೆ ಏಣಿ ಮಡಚಿ ಮನೆಗೆ ಹೋಗುತ್ತಿದ್ದ. ನಾನು ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಹಿಂದೆ ಒಂದು ಸಣ್ಣ ತೂತು, ಅದರ ಪಕ್ಕ ‘ರೀಸೆಟ್’ ಎಂದು ಬರೆದಿತ್ತು. ತೂತಿಗೆ ಚುಚ್ಚಲು ಮೊನಚಾದದ್ದೇನಾದರೂ ಬೇಕಲ್ಲ? ಹೊಲಿಗೆ ಅಂಗಡಿಯಲ್ಲಿ ಅದಕ್ಕೇನು ಬರ!

“ಕಲಕ್ಕ, ಒಂದು ಗುಂಡುಸೂಜಿ ಕೊಡಿ.”

ಅವರು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪುಟ್ಟ ದಿಂಬಿನಿಂದ ಒಂದನ್ನು ಕಿತ್ತು ಕೊಟ್ಟರು. “ಹುಷಾರ್ರಿ ಸರ್ರ, ಕೈಗೆ ಚುಚ್ಚೀತು” ಎಂದರು.

ಚುಚ್ಚಿದೆ. ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು. ಒಂದು ನಿಮಿಷದ ನಂತರ ಒಂದೇ ಒಂದು ಕೆಂಪು ದೀಪ ಹತ್ತಿಕೊಂಡಿತು. ಅದೇ ಕ್ಷಣದಲ್ಲಿ ಗೋಡೆಯ ಎರಡೂ ಕಡೆಯಿಂದ ಸದ್ದು ಬಂತು.

ಮೊದಲು ಬಂದವರು ಮಿಸ್ಟರ್ ಕಿಮ್, ಏಪ್ರನ್ ಸಮೇತ. ಶನಿವಾರ ಮಧ್ಯಾಹ್ನದ ಊಟದ ಹೊತ್ತು. ಬಾಗಿಲಾಚೆಗೂ ಸಾಲು. “ಆರ್ಡರ್ ಬರುತ್ತಿಲ್ಲ. ಕಾರ್ಡ್ ಮಶೀನ್ ಸತ್ತಿದೆ. ಫೋನೂ ಸತ್ತಿದೆ” ಎಂದರು. ಅವರು ಯಾವತ್ತೂ ಹೆಚ್ಚು ಮಾತಾಡಿದವರಲ್ಲ. ಅವರ ಬಾಯಲ್ಲಿ ಮೂರು ವಾಕ್ಯ ಒಟ್ಟಿಗೆ ಬಂದದ್ದು ಅವತ್ತೇ ಮೊದಲು.

ಅವರ ಹಿಂದೆ ಡೇನಾ, ಕಂಕುಳಲ್ಲಿ ಸೋಪಿನ ನೊರೆ ಸುರಿಯುತ್ತಿದ್ದ ಒಂದು ನಾಯಿ. ಅವಳ ಅಂಗಡಿಯಲ್ಲೂ ಒಂದು ಕ್ಯಾಮೆರಾ ಇದೆಯೆಂದು ನನಗೆ ಗೊತ್ತಾದದ್ದು ಆಗ. ನಾಯಿಗಳ ಯಜಮಾನರು ತಮ್ಮ ನಾಯಿ ಸ್ನಾನ ಮಾಡುವುದನ್ನು ಮನೆಯಿಂದಲೇ ನೋಡುತ್ತಿರುತ್ತಾರಂತೆ. ಚಿತ್ರ ನಿಂತುಹೋಗಿದ್ದೇ ತಡ, ನಾಯಿ ಜೀವಂತ ಇದೆಯೇ ಎಂದು ಒಬ್ಬರ ಮೇಲೊಬ್ಬರು ಅವಳ ಮೊಬೈಲಿಗೆ ಕರೆ ಮಾಡುತ್ತಿದ್ದಾರೆ! ಸಾಕ್ಷಿಗೆಂದು ಅವಳು ನಾಯಿಯನ್ನೇ ಹೊತ್ತು ತಂದಿದ್ದಳು. ಅದು ನನ್ನ ಮೇಲೆ ಮೈ ಕೊಡವಿತು.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. “ಈ ಖಾತೆಗೆ ಅಧಿಕೃತ ವ್ಯಕ್ತಿ ನೀವೇನಾ?” ಎಂದು ಕೇಳಿದರು.

“ಅಲ್ಲ. ಆದರೆ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದೇನೆ.”

“ನಿಂತಿದ್ದರೆ ಸಾಲದು ಸರ್.”

ಅಧಿಕೃತ ವ್ಯಕ್ತಿಯಾದ ಮಾಲೀಕರು ಫೋನನ್ನು ಕಾರಿನಲ್ಲಿಟ್ಟು, ಸರೋವರದ ನಡುವೆ ದೋಣಿಯಲ್ಲಿ ಕುಳಿತು ಮೀನು ಹಿಡಿಯುತ್ತಿದ್ದರು. ಅವರು ದಡಕ್ಕೆ ಬಂದದ್ದು ಮೂರು ಗಂಟೆಗೆ. ಅಷ್ಟು ಹೊತ್ತು ನನ್ನ ಮಾನ ಕಾಪಾಡಿದವರು ಕಲಕ್ಕ. ತಮ್ಮ ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿ ಮಿಸ್ಟರ್ ಕಿಮ್ ಕೈಗೆ ಕೊಟ್ಟರು. ಡೇನಾಳ ನಾಯಿಗೆ ಹಳೆಯ ಲುಂಗಿಯ ತುಂಡು ಹೊದಿಸಿದರು. ಮತ್ತೆ ಇಬ್ಬರಿಗೂ ಶುದ್ಧ ಗದಗಿನ ಕನ್ನಡದಲ್ಲಿ, “ಪಾಪ, ಸರ್ ಒಳ್ಳೇ ಮನಸ್ಸಿಂದ ಮಾಡ್ಯಾರ್ರಿ. ಬೈಬ್ಯಾಡ್ರಿ” ಎಂದು ವಕಾಲತ್ತು ನಡೆಸಿದರು. ಇಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಇಬ್ಬರೂ ತಲೆಯಾಡಿಸಿದರು.

ಕೊನೆಗೆ ಮಾಲೀಕರ ಒಪ್ಪಿಗೆ ಸಿಕ್ಕಿ, ಕಂಪನಿಯವರು ದೂರದಿಂದಲೇ ಎಲ್ಲವನ್ನೂ ಸರಿ ಮಾಡಿ, ನನ್ನ ಕ್ಯಾಮೆರಾಕ್ಕೆಂದೇ ಒಂದು ನಿಧಾನದ ವೈಫೈಯನ್ನು ಬೇರೆ ತೆಗೆದುಕೊಟ್ಟರು. ನಾಲ್ಕೂವರೆಗೆ ಕ್ಯಾಮೆರಾದ ಮೇಲೆ ನೀಲಿ ದೀಪ ಹತ್ತಿತು. “ಸಂಪರ್ಕ ಯಶಸ್ವಿ!” ಎಂದಳು ಒಳಗಿದ್ದ ಹೆಂಗಸು. ನಾನು ಒಬ್ಬನೇ ಚಪ್ಪಾಳೆ ತಟ್ಟಿದೆ.

ಕಲಕ್ಕ ಕನ್ನಡಕ ಮೇಲೆತ್ತಿ ಅದನ್ನು ನೋಡಿದರು. “ಇದು ಯಾರನ್ನ ನೋಡಾಕ್ರಿ ಸರ್ರ?”

“ಬರೋ ಹೋಗೋ ಗಿರಾಕಿಗಳನ್ನ ಕಲಕ್ಕ.”

“ಗಿರಾಕಿ ಬರೂದು ಆ ಕಡಿಂದ ಅಲ್ರೀ? ಇದರ ಮಾರಿ ಈ ಕಡಿಗೈತಿ.”

ನಿಜ. ಬಾಗಿಲು ಒಂದು ಕಡೆ, ಕ್ಯಾಮೆರಾದ ಮುಖ ಇನ್ನೊಂದು ಕಡೆ. ಅದು ನೇರವಾಗಿ ಅವರ ಹೊಲಿಗೆ ಯಂತ್ರವನ್ನೇ ನೋಡುತ್ತಿತ್ತು. “ಇಲ್ಲಿಂದ ಸಿಗ್ನಲ್ ಚೆನ್ನಾಗಿ ಸಿಗುತ್ತೆ” ಎಂದೆ. ಅವರು ಸೆರಗನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡು ಮತ್ತೆ ಹೊಲಿಯಲು ಕುಳಿತರು. ಸಿಗ್ನಲ್ಲಿನ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ.

ಸೋಮವಾರ ವಿದ್ಯಾ ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು ಮನೆಯಲ್ಲೇ ಉಳಿದಿದ್ದಳು. ಕಲಕ್ಕ ಒಬ್ಬರೇ ಅಂಗಡಿ ತೆರೆದಿದ್ದರು. ನನಗೆ ಮನೆಯಿಂದಲೇ ಕೆಲಸ. ಕೆಲಸ ಎಂದರೆ ಅವತ್ತು ಫೋನಿನಲ್ಲಿ ಅಂಗಡಿಯನ್ನು ನೋಡುವುದು. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಕಲಕ್ಕ ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ತುದಿ ಕಚ್ಚುವುದು ಸಹ ಕಾಣುತ್ತಿತ್ತು. ಇಬ್ಬರು ಹೆಂಗಸರು ರವಿಕೆಯ ಅಳತೆ ಕೊಡಲು ಬಂದಿದ್ದರು. ಏನೋ ಮಾತಾಡಿ ನಗುತ್ತಿದ್ದರು. ಏನೆಂದು ಕೇಳಿಸುತ್ತಿರಲಿಲ್ಲ. ಪರದೆಯ ಕೆಳಗೆ ಒಂದು ಮೈಕಿನ ಗುರುತು ಇತ್ತು. ಒತ್ತಿದೆ. ಆದರೂ ಕೇಳಿಸಲಿಲ್ಲ. ಹೋಗಲಿ ಎಂದು ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಕಾಫಿ ಲೋಟಕ್ಕೆ ಒರಗಿಸಿಟ್ಟು, ಎದುರಿಗೆ ಕುಳಿತಿದ್ದ ವಿದ್ಯಾ ಕಡೆ ತಿರುಗಿದೆ.

“ನಾನು ಹೇಳಬಾರದು. ಆದ್ರೂ ಒಂದು ಮಾತು” ಎಂದೆ.

ಹೇಳಬಾರದು ಎಂದು ಶುರು ಮಾಡಿದ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಇದು ನಾನು ಈಗ ಕಲಿತ ಪಾಠ.

“ಅಂಗಡಿ ಬೀಗದ ಕೈ ಇರೋದು ನಿನ್ನ ಹತ್ರ, ಕಲಕ್ಕನ ಹತ್ರ. ಇಬ್ರೇ. ನೀನು ತೊಗೊಂಡಿಲ್ಲ. ಅಂದ್ಮೇಲೆ? ಅವರ ಆ ದೊಡ್ಡ ಬ್ಯಾಗು ನೋಡಿದೀಯಾ? ಒಂದು ಸೀರೆ ಏನು, ನಾಲ್ಕು ಹಿಡಿಯುತ್ತೆ. ಮಗಳ ಮನೇಲಿರೋರು. ಕೈಯಲ್ಲಿ ಏನಿರುತ್ತೆ ಪಾಪ, ಆಸೆ ಆಗಿರಬಹುದು.”

“ಬಾಯಿ ಮುಚ್ಚಿ! ಕಲಕ್ಕನ ಬಗ್ಗೆ ಹೀಗಂದ್ರೆ ಹುಳ ಬೀಳುತ್ತೆ ಬಾಯಿಗೆ” ಎಂದಳು ವಿದ್ಯಾ, ಊದಿದ ಕೆನ್ನೆ ಹಿಡಿದುಕೊಂಡು. ಆಮೇಲೆ ಮೆಲ್ಲಗೆ, “ನಿಜ ಹೇಳ್ಬೇಕಂದ್ರೆ ನಂಗೂ ಒಂದ್ಸಲ ಹಾಗನ್ನಿಸ್ತು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ” ಎಂದಳು.

“ನೋಡು! ನಾನು ಹೇಳಿಲ್ವಾ?” ಎಂದು ನಾನು ಗೆದ್ದವನಂತೆ ಫೋನಿನ ಕಡೆ ನೋಡಿದೆ.

ಫೋನಿನಲ್ಲಿ ಯಂತ್ರ ನಿಂತಿತ್ತು. ಇಬ್ಬರು ಹೆಂಗಸರೂ ಕಲ್ಲಿನಂತೆ ನಿಂತಿದ್ದರು. ಕಲಕ್ಕ ಎದ್ದು ಕ್ಯಾಮೆರಾದ ಕೆಳಗೆ ಬಂದು ಮುಖ ಮೇಲೆತ್ತಿದ್ದರು. ಅವರ ತುಟಿ ಅಲುಗಿತು, ಮಾತು ಕೇಳಿಸಲಿಲ್ಲ. ನಾನು ಗಾಬರಿಯಿಂದ ಮೈಕಿನ ಗುರುತನ್ನು ಮತ್ತೊಮ್ಮೆ, ಅದರ ಪಕ್ಕದ ಕಿವಿಯ ಗುರುತನ್ನೂ ಒಮ್ಮೆ ಒತ್ತಿದೆ. ಆಗ ಅಂಗಡಿಯ ದನಿ ನಮ್ಮ ಅಡುಗೆಮನೆಗೆ ಬಂತು.

“ಸರ್ರ, ನೀವು ಮಾತಾಡೂದು ಇಲ್ಲಿ ಕೇಳಾಕತ್ತೈತ್ರಿ.”

ಆ ಮೈಕಿನ ಗುರುತು ಇದ್ದದ್ದು ಅಂಗಡಿಯ ಮಾತನ್ನು ಕೇಳಲಿಕ್ಕಲ್ಲ, ಅಂಗಡಿಗೆ ಮಾತಾಡಲಿಕ್ಕೆ. ಹತ್ತೊಂಬತ್ತು ವರ್ಷದ ಅನುಭವ!

ಪರದೆಯಲ್ಲಿ ಹೆಂಗಸರಲ್ಲೊಬ್ಬರು ಪರ್ಸು ಎತ್ತಿಕೊಂಡು, ಇನ್ನೊಬ್ಬರ ತೋಳು ಹಿಡಿದು ಹೊರಗೆ ಹೋದರು. ಕಲಕ್ಕ ಹೋಗಲಿಲ್ಲ. ಮೂಲೆಯಲ್ಲಿದ್ದ ತಮ್ಮ ಬ್ಯಾಗನ್ನು ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಕ್ಯಾಮೆರಾಕ್ಕೆ ಸರಿಯಾಗಿ ಕಾಣುವಂತೆ ಇಟ್ಟರು. ಅದರ ಬಾಯಿ ತೆರೆದು ಒಂದೊಂದನ್ನೇ ತೆಗೆದಿಟ್ಟರು. ರೊಟ್ಟಿಯ ಡಬ್ಬಿ. ಕನ್ನಡಕದ ಕೇಸು. ಬಸ್ಸಿನ ಕಾರ್ಡು. ಒಂದು ಸ್ವೆಟರ್. ಮಾತ್ರೆಯ ಚೀಟಿ. ಮೊಮ್ಮಗಳಿಗೆಂದು ಬಟ್ಟೆಯ ಚೂರುಗಳಲ್ಲಿ ಹೊಲಿಯುತ್ತಿದ್ದ, ಇನ್ನೂ ಒಂದು ಕೈ ಬಾಕಿಯಿದ್ದ ಗೊಂಬೆ. ಕೊನೆಗೆ ಬ್ಯಾಗನ್ನು ತಲೆಕೆಳಗು ಮಾಡಿ ಎರಡು ಸಲ ಕೊಡವಿದರು. ಏನೂ ಬೀಳಲಿಲ್ಲ.

“ಕಲಕ್ಕಾ, ಬೇಡ ಕಲಕ್ಕಾ” ಎಂದು ವಿದ್ಯಾ ಫೋನಿಗೆ ಕೂಗಿದಳು. ಈಗ ಮೈಕು ಆರಿಹೋಗಿತ್ತು. ಬೇಕಾದಾಗ ಕೇಳಿಸಲಿಲ್ಲ.

ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಕಾರು ಹತ್ತಿದೆವು. ಸಣ್ಣ ಜಿಟಿಜಿಟಿ ಮಳೆ. ಬಾಥೆಲ್‌ನಿಂದ ಕೆನ್ಮೋರ್‌ಗೆ ಹತ್ತು ನಿಮಿಷದ ದಾರಿ, ಅವತ್ತು ಇದ್ದಬದ್ದ ಸಿಗ್ನಲ್ಲುಗಳೆಲ್ಲ ಕೆಂಪು. ನಾವು ಹೋದಾಗ ಅಂಗಡಿಯ ಬಾಗಿಲು ಒರಗಿಸಿತ್ತು. ಮಿಸ್ಟರ್ ಕಿಮ್ ಹೊರಗೆ ನಿಂತು ಕಾವಲು ಕಾಯುತ್ತಿದ್ದರು. “ಬಸ್ಸಿಗೆ ಹೋದರು. ನೀವು ಬರುವ ತನಕ ಅಂಗಡಿ ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿದರು” ಎಂದರು.

ಒಳಗೆ, ಮೇಜಿನ ಮೇಲೆ ಅಂಗಡಿಯ ಬೀಗದ ಕೈ. ಅದರ ಪಕ್ಕ ಅವತ್ತು ಕೊಡಬೇಕಾಗಿದ್ದ ಒಂದು ರವಿಕೆ, ಕೊನೆಯ ಹುಕ್ಕಿನ ತನಕ ಮುಗಿಸಿ, ಇಸ್ತ್ರಿ ಮಾಡಿ, ಮಡಚಿ ಇಟ್ಟಿತ್ತು.

ವಿದ್ಯಾ ಕಲಕ್ಕನ ಸ್ಟೂಲಿನ ಮೇಲೆ ಕುಳಿತಳು. “ನೀವಂದ್ರೆ ಹೋಗ್ಲಿ. ನಾನೂ ಅಂದ್ನಲ್ರೀ. ನನ್ನ ಬಾಯಿಂದ್ಲೂ ಬಂತಲ್ಲ” ಎಂದಳು.

“ನೀನು ಮೆಲ್ಲಗೆ ಹೇಳಿದ್ದು. ಅದು ಕೇಳಿಸಿರಲ್ಲ ಬಿಡು” ಎಂದು ಸಮಾಧಾನ ಮಾಡಿದೆ. ಖಾತ್ರಿ ಮಾಡಿಕೊಳ್ಳೋಣವೆಂದು ಕ್ಯಾಮೆರಾದಲ್ಲಿ ಉಳಿದಿದ್ದ ರೆಕಾರ್ಡಿಂಗ್ ಹಾಕಿದೆ. ಅದು ನಾನು ಅವತ್ತು ಮಾಡಿದ ಇನ್ನೊಂದು ಪರೀಕ್ಷೆ. ನಮ್ಮ ಅಡುಗೆಮನೆಯ ಮಾತು ಅಂಗಡಿಯ ತುಂಬ ಗಂಟೆ ಹೊಡೆದಂತೆ ಕೇಳಿಸಿತು. ‘ನಿದ್ದೆ ಬರ್ಲಿಲ್ಲ’ ಎಂಬುದರ ತನಕ ಒಂದಕ್ಷರ ಬಿಡದೆ! ವಿದ್ಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಕೆನ್ನೆಯ ನೋವು ಎಷ್ಟಿತ್ತೋ, ಅವಳು ಅದರ ಸುದ್ದಿಯನ್ನೇ ಎತ್ತಲಿಲ್ಲ. ಡಬ್ಬಿಯ ಮೇಲೆ ಬರೆದಂತೆ ಧ್ವನಿಯ ಗುಣಮಟ್ಟ ಅತ್ಯುತ್ತಮವಾಗಿತ್ತು.

ಕಲಕ್ಕ ಫೋನ್ ಎತ್ತಲಿಲ್ಲ. ಮಂಗಳವಾರವೂ ಎತ್ತಲಿಲ್ಲ, ಬುಧವಾರವೂ ಎತ್ತಲಿಲ್ಲ.

ಗುರುವಾರ ನಿರ್ಮಲಾ ಗಂಡನ ಸಮೇತ ಅಂಗಡಿಗೆ ಬಂದರು. ಗಂಡನ ಹೆಸರು ನಾಗೇಂದ್ರ. ಮೂರು ವಾರ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಹಿಂದಿನ ದಿನ ತಾನೆ ಬಂದಿದ್ದರು. ನಿರ್ಮಲಾ ಕೈಯಲ್ಲಿ ಆ ಬಟ್ಟೆಯ ಚೀಲ! ಅವರ ಕಣ್ಣಲ್ಲಿ ನೀರು.

“ಇವರ ಕಾರಿನ ಡಿಕ್ಕೀಲಿ ಇತ್ತು ವಿದ್ಯಾ. ಇವರು ಮನೇಲಿ ಕುಡಿದ ಲೋಟ ಎತ್ತಿಡೋರಲ್ಲ, ಸೀರೆ ತೊಗೊಂಡು ಬಂದಿರ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಳ್ಳಲಿಲ್ಲ.”

“ನಾನು ನನ್ನ ಪ್ಯಾಂಟು ತೊಗೊಂಡು ಹೋಗೋಕೆ ಬಂದಿದ್ದೆ. ಅವತ್ತು ಸಾಯಂಕಾಲವೇ ಫ್ಲೈಟು” ಎಂದರು ನಾಗೇಂದ್ರ. “ಅವರೇ, ನಿರ್ಮಲಾ ಹೆಸರಲ್ಲಿ ಇದೂ ಒಂದಿದೆ ತೊಗೊಳ್ಳಿ ಅಂತ ಚೀಲ ಕೊಟ್ರು. ಪ್ಯಾಂಟು ತೆಗೆದು ಸೂಟ್‌ಕೇಸಿಗೆ ಹಾಕ್ಕೊಂಡೆ, ಇದು ಡಿಕ್ಕೀಲೇ ಉಳೀತು.”

“ಅವರು ಅಂದ್ರೆ ಯಾರು ಕೊಟ್ಟಿದ್ದು? ಕಲಕ್ಕನಾ?” ಎಂದಳು ವಿದ್ಯಾ.

“ಅಲ್ಲ. ಸರ್ರೇ ಕೊಟ್ರಲ್ಲ!” ಎಂದು ನಾಗೇಂದ್ರ ನನ್ನ ಕಡೆ ಕೈ ತೋರಿಸಿದರು. “ಕ್ರಿಕೆಟ್ ನೋಡ್ತಿದ್ರಿ ಸರ್ ಫೋನಲ್ಲಿ. ಕೊನೇ ಓವರು. ತಲೆ ಎತ್ತಲೇ ಇಲ್ಲ ನೀವು.”

ನೆನಪಾಯಿತು. ವಿದ್ಯಾ, ಕಲಕ್ಕ ಇಬ್ಬರೂ ಊಟಕ್ಕೆ ಕುಳಿತಿದ್ದಾಗ ಹದಿನೈದು ನಿಮಿಷ ಗಲ್ಲಾದಲ್ಲಿ ಕುಳಿತ ಶನಿವಾರ. ಕೊನೆಯ ಓವರು ನೆನಪಾಯಿತು, ಹೊಡೆದ ಸಿಕ್ಸರು ನೆನಪಾಯಿತು. ಚೀಲ ಕೊಟ್ಟದ್ದು ಮಾತ್ರ ತಲೆಯಲ್ಲೇ ಉಳಿದಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ. ವಿದ್ಯಾ ನನ್ನನ್ನು ನೋಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಹಲವು ಬಗೆಯಲ್ಲಿ ಬೈದಿದ್ದಾಳೆ. ಅವತ್ತು ಬೈಯಲಿಲ್ಲ. ಏಣಿ ತಂದು, ತಾನೇ ಹತ್ತಿ, ಕ್ಯಾಮೆರಾವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಒಂದೇ ನಿಮಿಷ!

ಅವತ್ತು ಸಂಜೆಯೇ ಶೋರ್‌ಲೈನ್‌ಗೆ ಹೋದೆವು. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಗಿಲು ತೆರೆದದ್ದು ಆರು ವರ್ಷದ ಮೊಮ್ಮಗಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಕ್ಕೆ ಕೂಗಿದಳು. “ಅಜ್ಜೀ! ಈಸ್ ದಿಸ್ ದ ಕ್ಯಾಮೆರಾ ಅಂಕಲ್?”

ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲೇ ಉದುರಿಹೋಯಿತು.

ಕಲಕ್ಕ ಬಂದು ಕೂರಿಸಿದರು. ಚಹಾ ಮಾಡಿ ತಂದರು. ವಿದ್ಯಾಳ ಕೆನ್ನೆ ಮುಟ್ಟಿ, “ಬಾವು ಇಳದೈತಲ್ಲವಾ. ಉಪ್ಪುನೀರು ಮುಕ್ಕಳಿಸ್ತಿ ಇಲ್ಲೋ?” ಎಂದು ಕೇಳಿದರು. ವಿದ್ಯಾ ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅವರು ಅವಳ ಬೆನ್ನು ಸವರುತ್ತ ಕುಳಿತರು. ಇನ್ನು ನಾನೂ ಏನಾದರೂ ಹೇಳಲೇಬೇಕಿತ್ತು.

“ಕಲಕ್ಕ, ನಿಜವಾಗಿಯೂ ನಿಮ್ಮೊಬ್ಬರ ಮೇಲೆ ನಮಗೆ ಅನುಮಾನ ಇರಲಿಲ್ಲ. ಎಲ್ಲರ ಮೇಲೂ ಇತ್ತು” ಎಂದೆ.

ಅಂಗಡಿಯಲ್ಲಿದ್ದದ್ದೇ ಇಬ್ಬರು. ಎಲ್ಲರೂ ಎಂದರೆ ಯಾರು? ವಿದ್ಯಾ ತಲೆಯೆತ್ತಿ ನನ್ನನ್ನು ನೋಡಿದ ನೋಟಕ್ಕೆ ನಾನು ಚಹಾದ ಲೋಟ ಕೆಳಗಿಟ್ಟೆ. ಕಲಕ್ಕನಿಗೆ ಮಾತ್ರ ನಗು ಬಂತು. ಸಣ್ಣಗೆ ನಕ್ಕರು. ಆ ನಗು ನೋಡಿ ನನಗೆ ಧೈರ್ಯ ಬಂತು.

“ಸೀರೆ ಸಿಕ್ಕಿತು ಕಲಕ್ಕ. ತಪ್ಪು ನನ್ನದೇ. ಕ್ಯಾಮೆರಾನೂ ತೆಗೆದ್ವಿ. ನಾಳೆಯಿಂದ ಬನ್ನಿ.”

“ಸೀರಿ ಸಿಕ್ಕಿದ್ದು ಭಾಳ ಚಲೋ ಆತ್ರಿ. ಆಕಿ ಅವ್ವನ ಸೀರಿ ಅದು. ಅದಕ್ಕ ನಾನೂ ದೇವರಿಗೆ ಹರಕಿ ಹೊತ್ತಿದ್ದೆ.” ಅವರು ಲೋಟ ಕೆಳಗಿಟ್ಟರು. “ನನಗ ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಸರ್ರ. ಸಿಟ್ಟಿದ್ರ ಇಳೀತಿತ್ತು. ಮೂವತ್ತು ವರ್ಷ ಮಂದಿ ಮದುವಿ ಸೀರಿ, ಸತ್ತವರ ಸೀರಿ, ಎಲ್ಲಾ ನನ್ನ ಕೈಯಾಗ ಇಟ್ಟು ಹೋಗ್ಯಾರ. ಚೀಟಿ ಸೈತ ಕೇಳಿಲ್ಲ. ಇನ್ನ ಆ ಮಷೀನಿನ ಮುಂದ ಕುಂತ್ರ ನನ್ನ ಕೈ ನಡಗತಾವ್ರಿ. ಕತ್ತರಿ ಸೊಟ್ಟ ಹೋಗತೈತಿ. ನಾ ಬರೂದಿಲ್ಲ.”

“ಕಲಕ್ಕಾ...” ಎಂದಳು ವಿದ್ಯಾ.

“ನೀ ಬಾರವಾ ಇಲ್ಲಿಗೆ. ಯಾವಾಗ ಬೇಕಾದ್ರೂ ಬಾ. ಉಣ್ಣಾಕ ಬಾ, ತಲಿ ಬಾಚಿಸ್ಕೊಳ್ಳಾಕ ಬಾ. ಅಂಗಡಿಗೆ ಮಾತ್ರ ನನ್ನ ಕರೀಬ್ಯಾಡ.”

ಬಾಗಿಲ ತನಕ ಬಂದು ಕಳಿಸಿಕೊಟ್ಟರು. ವಿದ್ಯಾಗೆ ಕುಂಕುಮ ಕೊಟ್ಟರು. ನನಗೆ, “ಹುಷಾರಾಗಿ ಗಾಡಿ ನಡಸ್ರಿ, ಮಳಿ ಐತಿ” ಎಂದರು. ಬೈದಿದ್ದರೆ ನಾನು ಅಷ್ಟು ಸಣ್ಣವನಾಗುತ್ತಿರಲಿಲ್ಲ.

ಇದಾಗಿ ಎಂಟು ತಿಂಗಳಾಯಿತು. ಕಲಕ್ಕ ಬರಲಿಲ್ಲ. ವಿದ್ಯಾ ಹದಿನೈದು ದಿನಕ್ಕೊಮ್ಮೆ ಶೋರ್‌ಲೈನ್‌ಗೆ ಹೋಗುತ್ತಾಳೆ. ನನ್ನನ್ನು ಕರೆಯುವುದಿಲ್ಲ, ನಾನೂ ಕೇಳುವುದಿಲ್ಲ. ಅವತ್ತು ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ಮತ್ತೆ ಅಳತೆ ಕೊಡಲು ಬರಲಿಲ್ಲ. ದೇವಸ್ಥಾನದಲ್ಲಿ ಎದುರಾದರೆ ವಿದ್ಯಾಗೆ ನಮಸ್ಕಾರ ಹೇಳುತ್ತಾರೆ, ನನಗೆ ಬರೇ ತಲೆಯಾಡಿಸುತ್ತಾರೆ. ಕೆಲಸಕ್ಕೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳೋಣ ಎಂದು ಒಮ್ಮೆ ಹೇಳಿ ನೋಡಿದೆ. “ಆ ಸ್ಟೂಲಿನ ಮೇಲೆ ಯಾರನ್ನ ಕೂರಿಸ್ಲಿ?” ಎಂದಳು ವಿದ್ಯಾ. ಪ್ರಾಯಶ್ಚಿತ್ತವೆಂಬಂತೆ, ಶನಿವಾರಗಳಂದು ನಾನೇ ಕೂರುತ್ತಿದ್ದೇನೆ. ರವಿಕೆಯ ಹತ್ತಿರಕ್ಕೆ ನನ್ನನ್ನು ಬಿಡುವುದಿಲ್ಲ. ಪ್ಯಾಂಟಿನ ಅಂಚು ಮಡಚಿ ಹೊಲಿಯುವುದೊಂದೇ ನನ್ನ ಪಾಲಿಗೆ ಬಂದಿರುವ ವಿದ್ಯೆ.

ಹೋದ ಶನಿವಾರ ಮಿಸ್ಟರ್ ಕಿಮ್ ತಮ್ಮ ಅಣ್ಣನ ಮಗಳ ಮದುವೆಗೆಂದು ಕೊಟ್ಟಿದ್ದ ಕಪ್ಪು ಪ್ಯಾಂಟು ಮುಗಿಸಿದೆ. ಎರಡು ಗಂಟೆ ಹಿಡಿಯಿತು. ಅವರು ಒಳಗೆ ಹೋಗಿ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತರು. ಮೊದಲು ಎಡಗಾಲು ನೋಡಿದರು. ಆಮೇಲೆ ಬಲಗಾಲು ನೋಡಿದರು. ಮತ್ತೆ ಎಡಗಾಲು. ಕನ್ನಡಿಯಲ್ಲೇ ನನ್ನನ್ನು ನೋಡಿ ಬಹಳ ಮೆತ್ತಗೆ ಕೇಳಿದರು.

“ಆ ಅಮ್ಮ ಯಾವತ್ತು ಬರುತ್ತಾರೆ?”

ನಾನು ಮೊಣಕಾಲೂರಿ ಕುಳಿತು, ಬಲಗಾಲಿನ ಹೊಲಿಗೆಯನ್ನು ಬಿಚ್ಚತೊಡಗಿದೆ. ಗಿಡ್ಡವಾಗಿದ್ದದ್ದು ಎಡಗಾಲಿನದು ಎಂದು ತಿಳಿದದ್ದು ಪೂರ್ತಿ ಬಿಚ್ಚಿದ ಮೇಲೆ!